ವ್ಯಾಟ್ ಆಮ್ಯಾಲ, ಮೊದಲು ಕೌದಿ ಕಟ್ಟು



ಹೋದ ತಿಂಗಳ ನಮ್ಮ ಗೋಡೆ ಪತ್ರಿಕೆಯಲ್ಲಿ ಎಂಟನೇ ತರಗತಿಯ ಒಬ್ಬ ಮಿತ್ರ ಒಂದು ಸಣ್ಣ ಲೇಖನ ಬರೆದಿದ್ದ. ಅವನ ಮನೆಯಲ್ಲಿ ಒಂದು ಚಿಕ್ಕ ಸೌಂಡ್ ಸೆಟ್ ಇದೆ. ಎರಡು ಸ್ಪೀಕರ್, ನಡುವೆ ಒಂದು ಆಂಪ್ಲಿಫೈಯರ್ ಡಬ್ಬಿ. ಅದರಲ್ಲಿ ಹಾಡು ಸ್ಪಷ್ಟ ಬರುವುದಿಲ್ಲ, ಬರೀ ಗುಂಯ್ ಅಂತದ. ಅವನ ಹತ್ತಿರ ಎರಡು ಸಾವಿರ ರೂಪಾಯಿ ಕೂಡಿದೆ. ಆ ರೊಕ್ಕದಲ್ಲಿ ಹೆಚ್ಚು ವ್ಯಾಟಿನ ಹೋಂ ಥಿಯೇಟರ್ ತಗೊಳ್ಳಬೇಕೆಂದಿದ್ದೇನೆ, ಯಾವುದು ತಗೊಳ್ಳಲಿ, ತಿಳಿದವರು ಹೇಳಿರಿ ಎಂದು ಕೇಳಿದ್ದ. ಲೇಖನದ ಕೆಳಗೆ ಪೆನ್ಸಿಲಿನಿಂದ ಯಾರ್ಯಾರೋ ಉತ್ತರ ಗೀಚಿದ್ದರು. "ಐದು ಸಾವಿರ ವ್ಯಾಟ್ ತಗೋ", "ಹತ್ತು ಸಾವಿರ ತಗೋ", "ಡಿ.ಜೆ. ತಗೋ". ಒಬ್ಬನಂತೂ "ಟ್ರ್ಯಾಕ್ಟರ್ ತಗೋ" ಎಂದು ಬರೆದಿದ್ದ. (ಗೋಡೆ ಪತ್ರಿಕೆಯ ಮೇಲೆ ಗೀಚಬಾರದೆಂದು ಗುರುಗಳು ಎಷ್ಟು ಸಲ ಹೇಳಿದರೂ ಕೇಳುವವರು ಯಾರು!)

ನನ್ನ ಅಭಿಪ್ರಾಯ ಬೇರೆ ಇದೆ. ಮಿತ್ರಾ, ಆ ಎರಡು ಸಾವಿರ ಈಗಲೇ ಖರ್ಚು ಮಾಡಬೇಡ. ಗುಂಯ್ ಅನ್ನುವುದು ನಿನ್ನ ಸೆಟ್ಟು ಅಲ್ಲ, ನಿನ್ನ ಖೋಲಿ. ಖೋಲಿ ಹಂಗೇ ಇಟ್ಟು ದೊಡ್ಡ ಸೆಟ್ ತಂದರೆ ದೊಡ್ಡ ಗುಂಯ್ ಬರ್ತದ, ಅಷ್ಟೇ. ಹುಡುಗಿಗೆ ಸ್ಪೀಕರಿನ ಬಗ್ಗೆ ಏನು ಗೊತ್ತು ಅಂತ ನಗುವವರು ನಗಲಿ. ನಮ್ಮ ಮನೆಯಲ್ಲಿ ಇದೇ ವಿಷಯಕ್ಕೆ ತೊಗರಿ ಮಾರಿದ ರೊಕ್ಕ ಹೋಗಿದೆ, ಆದ್ದರಿಂದ ನನಗೆ ಬರೆಯುವ ಹಕ್ಕಿದೆ.

ನಮ್ಮ ಮನೆಯ ಸೆಟ್ಟೂ ಅವನದರಂಥದ್ದೇ. ನಮ್ಮ ಕಾಕಾನ ಮಗ, ಅಂದರೆ ನಮ್ಮ ಅಣ್ಣ, ಪಿ.ಯು.ಸಿ. ಓದುತ್ತಾನೆ. ಹಳೆಯ ಕಟ್ಟಿಗೆ ಪೆಟ್ಟಿಗೆಯ ಎರಡು ಸ್ಪೀಕರ್ ಮತ್ತು ಒಂದು ಸಣ್ಣ ಆಂಪ್ಲಿಫೈಯರ್ ತಂದು ಪಡಸಾಲಿಯಲ್ಲಿ ಕೂಡಿಸಿದ್ದ. ಅದನ್ನು ಎಲ್ಲರಿಗಿಂತ ಹೆಚ್ಚು ಕೇಳುವವರು ನಮ್ಮ ಆಯಿ. ಆಯಿಗೆ ಸಿನಿಮಾ ಹಾಡು ಬೇಕಿಲ್ಲ. ನಮ್ಮ ಮುತ್ಯಾ ಏಕತಾರಿ ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುತ್ತಿದ್ದರು. 1994ರಲ್ಲಿ ನಮ್ಮ ಮನೆಯ ಭಜನೆಯಲ್ಲಿ ಯಾರೋ ಟೇಪ್ ರೆಕಾರ್ಡರ್ ಇಟ್ಟು ತುಂಬಿಕೊಂಡ ಒಂದೇ ಒಂದು ಕ್ಯಾಸೆಟ್ ಇದೆ. ಮುತ್ಯಾ ತೀರಿಕೊಂಡಾಗ ನಾನು ಹುಟ್ಟಿರಲಿಲ್ಲ. ಅವರ ದನಿ ಎಂದರೆ ನನಗೆ ಆ ಕ್ಯಾಸೆಟ್ಟೇ. ಅಣ್ಣ ಅದನ್ನು ಮೊಬೈಲಿಗೆ ತುಂಬಿಕೊಂಡು ಸಂಜೆಗೊಮ್ಮೆ ಹಚ್ಚುತ್ತಿದ್ದ. ತತ್ವಪದಕ್ಕೆ ರಾಗಕ್ಕಿಂತ ಮಾತು ಮುಖ್ಯ. ಮಾತು ತಿಳಿಯದಿದ್ದರೆ ತತ್ವಪದ ಕೇಳಿ ಏನು ಉಪಯೋಗ?

ಜನವರಿಯಲ್ಲಿ ಎಲ್ಲ ಚೆನ್ನಾಗಿತ್ತು. ಆಯಿ ಒಂದೊಂದು ಪದಕ್ಕೂ ತಲೆದೂಗುತ್ತಿದ್ದರು. ಫೆಬ್ರುವರಿ ಮುಗಿಯುವಷ್ಟರಲ್ಲಿ ಸೆಟ್ ಕೆಟ್ಟಿತು. ಕೆಟ್ಟಿತು ಅಂದರೆ ಸುಟ್ಟಿಲ್ಲ, ಬಂದ್ ಆಗಿಲ್ಲ, ಆದರೆ ಮಾತೆಲ್ಲ ಕಲಸಿ ಅಂಬಲಿಯಂತೆ ಬರತೊಡಗಿತು. ಅಣ್ಣ ಸೌಂಡ್ ಏರಿಸಿದ. ಇನ್ನೂ ಕಲಸಿತು. "ಆಂಪ್ಲಿಫೈಯರಿನ್ಯಾಗ ದಮ್ ಇಲ್ಲ, ಹಳೀದಾಗ್ಯದ" ಎಂದು ತೀರ್ಪು ಕೊಟ್ಟ. ಕಾಕಾನ ಹತ್ತಿರ ಹಟ ಮಾಡಿ ತೊಗರಿ ರೊಕ್ಕದಲ್ಲಿ 2,600 ರೂಪಾಯಿ ಇಸಕೊಂಡು ಒಂದು ಅಂಗಡಿಯಿಂದ ಹೋಂ ಥಿಯೇಟರ್ ತಂದ. ನಾಲ್ಕು ಸಣ್ಣ ಸ್ಪೀಕರ್, ಒಂದು ದೊಡ್ಡ ವೂಫರ್, ಮುಂದೆ ನೀಲಿ ಕೆಂಪು ಲೈಟು. ಡಬ್ಬಿಯ ಮೇಲೆ 8,000 ವ್ಯಾಟ್ ಪಿ.ಎಂ.ಪಿ.ಓ. ಎಂದು ಅಂಗೈಯಷ್ಟು ದೊಡ್ಡ ಅಕ್ಷರದಲ್ಲಿ ಬರೆದಿತ್ತು.

ಅಂದು ಸಂಜೆ ಓಣಿ ಜನ ಎಲ್ಲ ಕೂಡಿದರು. ಮುತ್ಯಾನ ಪದ ಹಚ್ಚಿದೆವು. ಮಾಡಿನಲ್ಲಿಟ್ಟ ತಾಟು ಲೋಟ ನಡುಗಿದವು. ಆಯಿ ಎರಡು ನಿಮಿಷ ಕೇಳಿ, "ಬಂದ್ ಮಾಡಪ್ಪ. ನಿಮ್ಮ ಮುತ್ಯಾನ ಬಾಯಾಗ ಅರಳಿ ತುರುಕಿದಂಗ ಕೇಳಲತ್ತದ" ಎಂದು ಎದ್ದು ಒಳಗೆ ಹೋದರು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಕಾಕಾ ಅಣ್ಣನ ಸಂಗಡ ನಾಲ್ಕು ದಿನ ಮಾತಾಡಲಿಲ್ಲ.

ಮೊದಲು ಆ 8,000ದ ಸುದ್ದಿ ಮುಗಿಸುತ್ತೇನೆ, ಯಾಕಂದ್ರ ನನಗೆ ಅದರ ಮೇಲೆ ಭಾಳ ಸಿಟ್ಟದ. ಒಂದು ಹಾರ್ಸ್ ಪವರ್ ಎಂದರೆ 746 ವ್ಯಾಟ್ ಎಂದು ನಾವು ಓದಿದ್ದೇವೆ. ಹತ್ತು ಹಾರ್ಸ್ ಪವರಿನ ಹಿಟ್ಟಿನ ಗಿರಣಿ ಮೋಟರ್ ಎಂದರೆ 7,460 ವ್ಯಾಟ್. ಹಾಗಾದರೆ ನಮ್ಮ ಪಡಸಾಲಿಯ ಡಬ್ಬಿ ಗಿರಣಿಗಿಂತ ದೊಡ್ಡದೇ? ಡಬ್ಬಿ ತಿರುವಿ ನೋಡಿದೆ. ಹಿಂದೆ ಸಣ್ಣ ತಗಡಿನ ಮೇಲೆ ಇರುವೆ ಅಕ್ಷರದಲ್ಲಿ 230 ವೋಲ್ಟ್, 45 ವ್ಯಾಟ್ ಎಂದಿತ್ತು. ಗೋಡೆಯಿಂದ 45 ವ್ಯಾಟ್ ತಗೊಂಡು ಸತತವಾಗಿ ಎಂಟು ಸಾವಿರ ಕೊಡುವ ಯಂತ್ರ ಜಗತ್ತಿನಲ್ಲಿಲ್ಲ. ಒಂದು ಸೇರು ಜೋಳ ಹಾಕಿ ನೂರು ಸೇರು ಹಿಟ್ಟು ತೆಗೆಯುವ ಗಿರಣಿ ಯಾರಾದರೂ ಕಂಡೀರೇನು? ಪಿ.ಎಂ.ಪಿ.ಓ. ಎನ್ನುವುದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಕಣ್ಣು ಮಿಟುಕಿಸುವಷ್ಟು ಹೊತ್ತು ಬಂದೀತು ಎನ್ನುವ ಲೆಕ್ಕವನ್ನು ಎಲ್ಲ ಸ್ಪೀಕರಿಗೂ ಕೂಡಿಸಿ ಬರೆದುಬಿಡುತ್ತಾರೆ. ಆರ್.ಎಂ.ಎಸ್. ಎಂದು ಬರೆದ ವ್ಯಾಟ್ ಮಾತ್ರ ನೋಡಬೇಕು. ಅದೂ ಬರೆದಿಲ್ಲವೆಂದರೆ ಹಿಂದಿನ ತಗಡು ಓದಬೇಕು.

ಇನ್ನೊಂದು ಸಂಗತಿ ನಮ್ಮ ವಿಜ್ಞಾನ ಗುರುಗಳು ಹೇಳಿಕೊಟ್ಟರು. ವ್ಯಾಟ್ ಎರಡು ಪಟ್ಟಾದರೆ ಸಪ್ಪಳ ಎರಡು ಪಟ್ಟು ಆಗುವುದಿಲ್ಲ. 20 ವ್ಯಾಟ್ ಇದ್ದದ್ದನ್ನು 40 ಮಾಡಿದರೆ 3 ಡೆಸಿಬೆಲ್ ಮಾತ್ರ ಏರುತ್ತದೆ, ಕಿವಿಗೆ ಜರಾ ಹೆಚ್ಚು ಅನ್ನಿಸುತ್ತದೆ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. 20 ಇದ್ದದ್ದು 200 ಆಗಬೇಕು! ಒಂದು ಪಡಸಾಲಿಯಲ್ಲಿ ಕೂತು ತತ್ವಪದ ಕೇಳಲು ಇದೆಲ್ಲ ಏತಕ್ಕೆ?

ಈಗ ಸೆಟ್ ಯಾಕೆ "ಕೆಟ್ಟಿತು" ಎಂದು ಹೇಳುತ್ತೇನೆ.

ಏಪ್ರಿಲ್‌ನಲ್ಲಿ ಆಯಿ ಮನೆಯ ಕೌದಿಗಳನ್ನೆಲ್ಲ ಒಗೆದು ಅಂಗಳದಲ್ಲಿ ಒಣಹಾಕಿದ್ದರು. ಹೊತ್ತಿಲ್ಲದ ಹೊತ್ತಿನಲ್ಲಿ ಅಡ್ಡ ಮಳೆ ಬಂತು. ಓಡಿ ಹೋಗಿ ಎಲ್ಲ ತೆಗೆದು ಪಡಸಾಲಿಯಲ್ಲಿ ಹಗ್ಗ ಕಟ್ಟಿ ಗೋಡೆಗುಂಟ ತೂಗುಹಾಕಿದೆವು. ಕರೆಂಟು ಬಂದ ಮೇಲೆ ಅಣ್ಣ ಸುಮ್ಮನೆ ಹಳೆಯ ಸೆಟ್ಟಿನಲ್ಲಿ ಪದ ಹಚ್ಚಿದ. ಒಳಗಿನಿಂದ ಆಯಿ ಹೊರಗೆ ಬಂದರು. "ರಿಪೇರಿ ಮಾಡ್ಸಿದೇನು?" ಎಂದು ಕೇಳಿದರು. ಏನೂ ಮಾಡಿಸಿರಲಿಲ್ಲ. ಒಂದು ತಂತಿ ಸುದ್ದಾ ಮುಟ್ಟಿರಲಿಲ್ಲ. ಮರುದಿನ ಕೌದಿ ಒಣಗಿದವು, ತೆಗೆದು ಮಡಚಿಟ್ಟೆವು. ಮತ್ತೆ ಅಂಬಲಿ! ಆಗ ನನಗೆ ನೆನಪಾಯಿತು. ಜನವರಿಯಲ್ಲಿ ಅದೇ ಪಡಸಾಲಿಯ ಎರಡು ಗೋಡೆಗೆ ತೊಗರಿ ಚೀಲ ಒಟ್ಟಿದ್ದವು. ಫೆಬ್ರುವರಿಯಲ್ಲಿ ತೊಗರಿ ಮಾರಿ ಖೋಲಿ ಖಾಲಿ ಮಾಡಿದೆವು. ಸೆಟ್ ಕೆಟ್ಟಿದ್ದು ಅದೇ ವಾರ. ಅಂದರೆ ಚೀಲ ಮಾರಿದ ರೊಕ್ಕದಿಂದಲೇ, ಚೀಲ ಹೋಗಿದ್ದಕ್ಕೆ ಬಂದ ರೋಗಕ್ಕೆ, ನಾವು ಬೇರೆ ಔಷಧ ತಂದಿದ್ದೆವು.

ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಕಡೆಯ ಮನೆಗಳಿಗೆ ಇದು ಯಾಕೆ ಹೆಚ್ಚು ಎಂದರೆ, ನಮ್ಮಲ್ಲಿ ಎಲ್ಲ ಕಲ್ಲು. ನೆಲಕ್ಕೆ ಶಹಾಬಾದ ಫರಸಿ, ಗೋಡೆಗೆ ಅದೇ ಕಲ್ಲು, ಎಷ್ಟೋ ಮನೆಗೆ ಮಾಳಿಗೆಯ ಮೇಲೂ ಅದೇ ಕಲ್ಲಿನ ಹಾಸು. ನೆಲದೊಳಗೆ ಪದರ ಪದರವಾಗಿ ಇರುವ ಸುಣ್ಣದ ಕಲ್ಲು ಇದು. ಹಪ್ಪಳದಂತೆ ಹಲಗೆ ಹಲಗೆಯಾಗಿ ಏಳುತ್ತದೆ. ಇದೇ ಸುಣ್ಣದ ಕಲ್ಲಿಗಾಗಿಯೇ ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದಿವೆ. ಈ ಕಲ್ಲನ್ನು ನಾನು ಬೈಯುತ್ತಿಲ್ಲ. ಬ್ಯಾಸಗಿಯಲ್ಲಿ ಫರಸಿ ಮೇಲೆ ಮಲಗಿದ ಸುಖ ಮಲಗಿದವರಿಗೇ ಗೊತ್ತು. ಆದರೆ ಅದು ಶಬ್ದವನ್ನು ನುಂಗುವುದಿಲ್ಲ. ನೂರು ಪಾಲು ಶಬ್ದ ಬಡಿದರೆ ಒಂದೆರಡು ಪಾಲು ನುಂಗಿ ಉಳಿದದ್ದನ್ನು ತಿರುಗಿ ಒಗೆಯುತ್ತದೆ. ಅದು ಎದುರಿನ ಗೋಡೆಗೆ ಬಡಿಯುತ್ತದೆ, ಅಲ್ಲಿಂದ ಮಾಳಿಗೆಗೆ, ಅಲ್ಲಿಂದ ಫರಸಿಗೆ. ಹಿಂದಿನ ಮಾತು ಇನ್ನೂ ತಿರುಗಾಡುತ್ತಿರುವಾಗಲೇ ಮುಂದಿನ ಮಾತು ಬರುತ್ತದೆ.

ಇದರ ದೊಡ್ಡ ಉದಾಹರಣೆ ನಾವು ಶಾಲೆಯ ಪ್ರವಾಸದಲ್ಲಿ ನೋಡಿದ್ದೇವೆ. ವಿಜಯಪುರದ ಗೋಳಗುಮ್ಮಟ. ಮಹಮ್ಮದ್ ಆದಿಲ್ ಶಾಹನ ಸಮಾಧಿ, 1656ರದ್ದು. ಮೇಲಿನ ಪಿಸುಮಾತಿನ ಮೊಗಸಾಲೆಯಲ್ಲಿ ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಕೇಳುತ್ತದೆ. ನಾವೆಲ್ಲ ಕೂಗಿ ಕೂಗಿ ಗಂಟಲು ಹರಕೊಂಡೆವು. ಆದರೆ ನೆನಪು ಮಾಡಿಕೊಳ್ಳಿರಿ, ಅಲ್ಲಿ ನಮ್ಮ ಗುರುಗಳು ಇತಿಹಾಸ ಹೇಳಿದಾಗ ಒಬ್ಬರಿಗಾದರೂ ಒಂದು ವಾಕ್ಯ ತಿಳಿಯಿತೇ? ಹೊರಗೆ ಬಂದು ಹುಲ್ಲಿನ ಮೇಲೆ ಕೂತ ಮೇಲೆ ತಿಳಿಯಿತು. ಗುರುಗಳ ದನಿ ಅದೇ, ವ್ಯಾಟ್ ಅದೇ!

ಚಿಂಚೋಳಿ ಕಡೆ ನಮ್ಮ ಅತ್ತೆಯ ಮನೆ ಇದೆ. ಮಣ್ಣಿನ ದಪ್ಪ ಗೋಡೆ, ಮೇಲೆ ಕಟ್ಟಿಗೆ ತೊಲೆ, ಮಣ್ಣಿನ ಮಾಳಿಗೆ, ಒಂದು ಮೂಲೆಗೆ ಹಾಸಿಗೆ ಸುರುಳಿ. ಅವರಲ್ಲಿ ಅಂಗೈಯಗಲದ ಒಂದು ಸಣ್ಣ ಸ್ಪೀಕರ್ ಇದೆ. ಅದರಲ್ಲಿ ವಾರ್ತೆ ಕೇಳಿದರೆ ಎದುರು ಕೂತು ಹೇಳಿದಂತೆ ಕೇಳುತ್ತದೆ. ನಾನು ಮೊದಲು ಅದು ಯಾವುದೋ ಭಾರಿ ಕಂಪನಿ ಸ್ಪೀಕರ್ ಇರಬೇಕೆಂದು ತಿಳಿದಿದ್ದೆ. ನಮ್ಮ ಮನೆಗೆ ಬಂದಾಗ ಅದೇ ಸ್ಪೀಕರ್ ತಂದಿದ್ದರು. ನಮ್ಮ ಪಡಸಾಲಿಯಲ್ಲಿ ಅದೂ ಗುಂಯ್ ಅಂತು.

ಇದನ್ನು ವಿಜ್ಞಾನ ಗುರುಗಳಿಗೆ ಕೇಳಿದಾಗ ಅವರು ಅಮೆರಿಕದ ವಾಲೇಸ್ ಸೇಬಿನ್ ಎಂಬುವರ ಕಥೆ ಹೇಳಿದರು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದವರು ಒಂದು ಹೊಸ ಉಪನ್ಯಾಸ ಕೋಣೆ ಕಟ್ಟಿಸಿದ್ದರು. ಅದರಲ್ಲಿ ಒಂದು ಮಾತು ಆಡಿದರೆ ಸುಮಾರು ಐದೂವರೆ ಸೆಕೆಂಡು ಸುತ್ತುತ್ತಿತ್ತಂತೆ. ಪಾಠ ಯಾರಿಗೂ ತಿಳಿಯುತ್ತಿರಲಿಲ್ಲ. ಸರಿಮಾಡು ಎಂದು ಸೇಬಿನ್ನರಿಗೆ ಹೇಳಿದರು. ಅವರು ಹತ್ತಿರದ ಒಂದು ಸಭಾಂಗಣದ ಕುರ್ಚಿಯ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಕೋಣೆಯಲ್ಲಿ ಇಷ್ಟಿಷ್ಟೇ ಇಡುತ್ತ, ಒಂದು ಆರ್ಗನ್ ಕೊಳವೆ ಊದಿಸಿ, ಸಪ್ಪಳ ಎಷ್ಟು ಹೊತ್ತಿಗೆ ಸಾಯುತ್ತದೆಂದು ಗಡಿಯಾರ ಹಿಡಿದು ಅಳೆದರು. ಮೆತ್ತೆ ಹೆಚ್ಚಾದಂತೆ ಗುಂಯ್ ಕಡಿಮೆಯಾಯಿತು. ಅದರಿಂದಲೇ ಅವರು ಒಂದು ಸೂತ್ರ ಕಂಡುಹಿಡಿದರು. ಇಂದಿಗೂ ಸಭಾಂಗಣ ಕಟ್ಟುವವರು ಅದನ್ನೇ ಹಿಡಿದು ಲೆಕ್ಕ ಮಾಡುತ್ತಾರೆ. ಹಾರ್ವರ್ಡಿನ ಮೆತ್ತೆ, ನಮ್ಮ ಆಯಿಯ ಕೌದಿ, ಕೆಲಸ ಒಂದೇ.

ಸೂತ್ರ ಕಷ್ಟ ಇಲ್ಲ, ಗುಣಾಕಾರ ಭಾಗಾಕಾರ ಬಂದರೆ ಸಾಕು. ಖೋಲಿಯ ಘನ ಅಳತೆಯನ್ನು 0.16 ರಿಂದ ಗುಣಿಸಿ, ಶಬ್ದ ನುಂಗುವ ಒಟ್ಟು ಅಳತೆಯಿಂದ ಭಾಗಿಸಬೇಕು. ನಮ್ಮ ಪಡಸಾಲಿ 4.5 ಮೀಟರ್ ಉದ್ದ, 3.6 ಅಗಲ, 3 ಎತ್ತರ. ಘನ ಅಳತೆ 48.6. ನಾಲ್ಕು ಗೋಡೆ, ನೆಲ, ಮಾಳಿಗೆ ಕೂಡಿ 81 ಚದರ ಮೀಟರ್. ಕಲ್ಲು ನೂರಕ್ಕೆ ಎರಡು ನುಂಗಿದರೆ 1.62. ಭಾಗಿಸಿದರೆ 4.8 ಸೆಕೆಂಡು! ಸೆಕೆಂಡಿಗೆ ನಾಲ್ಕು ಅಕ್ಷರ ಹಾಡಿದರೂ ಹತ್ತೊಂಬತ್ತು ಅಕ್ಷರ ಒಂದರ ಮೇಲೊಂದು. ಈಗ ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ನಾಲ್ಕು ಕೌದಿ ತೂಗುಹಾಕಿರಿ, 12 ಚದರ ಮೀಟರ್ ಆಯಿತು. ದಪ್ಪ ಬಟ್ಟೆ ಮಾತಿನ ದನಿಯನ್ನು ನೂರಕ್ಕೆ ನಲವತ್ತು ನುಂಗುತ್ತದೆಂದು ಹಿಡಿದರೆ 4.8 ಕೂಡಿತು. ಈಗ ಭಾಗಿಸಿದರೆ 1.2 ಸೆಕೆಂಡು. ಮನೆಯಲ್ಲಿ ಜನ, ಹಾಸಿಗೆ, ತೆರೆದ ಬಾಗಿಲು ಇರುವುದರಿಂದ ಮೊದಲ ಲೆಕ್ಕ ಅಷ್ಟು ಕೆಟ್ಟದಾಗಿ ಬರುವುದಿಲ್ಲ ಎಂದು ಗುರುಗಳು ಹೇಳಿದರು. ತೆರೆದ ಬಾಗಿಲು ಎಂದರೆ ನೂರಕ್ಕೆ ನೂರು ನುಂಗಿದಂತೆ, ಹೋದ ಶಬ್ದ ತಿರುಗಿ ಬರುವುದಿಲ್ಲ. ಆಯಿ ಯಾವಾಗಲೂ "ಬಾಗಿಲ ತಗದು ಹಚ್ರೋ" ಅನ್ನುತ್ತಿದ್ದರು. ಅವರು ಸೂತ್ರ ಓದಿಲ್ಲ.

ಸೌಂಡ್ ಏರಿಸಿದರೆ ಯಾಕೆ ಸುಧಾರಿಸುವುದಿಲ್ಲ ಎಂಬುದೂ ಇದರಲ್ಲೇ ಇದೆ. ಮಾತು ಏರಿದಷ್ಟೇ ಗುಂಯ್ ಏರುತ್ತದೆ. ಕೆಸರು ನೀರಿಗೆ ಮತ್ತಷ್ಟು ಕೆಸರು ನೀರು ಸುರಿದಂತೆ. ಮನೆ ಮಂದಿ ಕಿವಿ ಕೆಡುವುದು ಬೇರೆ, ಬಾಜೂ ಮನೆಯ ಹತ್ತನೇ ತರಗತಿಯವರ ಪರೀಕ್ಷೆ ಕೆಡುವುದು ಬೇರೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಮನೆಗಳಿರುವ ಕಡೆ ಹಗಲು 55, ರಾತ್ರಿ ಹತ್ತರಿಂದ ಆರರವರೆಗೆ 45 ಡೆಸಿಬೆಲ್ ಮಿತಿ ಇದೆ. ನಮ್ಮ ಓಣಿಗೆ ಆ ನಿಯಮ ಇನ್ನೂ ನಡೆದುಕೊಂಡು ಬರಲತ್ತದ, ಮುಟ್ಟಿಲ್ಲ.

ಕೌದಿ ಕಟ್ಟುವುದಕ್ಕೆ ಅಣ್ಣ ಒಪ್ಪಲಿಲ್ಲ ಎಂಬುದನ್ನೂ ಬರೆಯಬೇಕು. "ಬೀಗರು ಬಂದ್ರ ಏನಂತಾರ? ಮನಿ ಧೋಬಿಘಾಟ್ ಆಗ್ಯದ ಅಂತಾರ" ಅಂದ. ನಾನು ಹೇಳಿದೆ, ಹರಕು ಕೌದಿ ಬೇಡ, ಆಯಿ ಬಣ್ಣ ಬಣ್ಣದ ಸೀರೆ ತುಂಡು ಕೂಡಿಸಿ ಹೊಲಿದ ಹೊಸ ಕೌದಿ ಕಟ್ಟೋಣ, ಚಿತ್ರಪಟಕ್ಕಿಂತ ಚಂದ ಕಾಣ್ತದ. ಖರೇನ ಚಂದ ಕಾಣುತ್ತದೆ. ಹೋದ ವಾರ ಬಂದ ಬೀಗರು ಆ ಕೌದಿ ಎಲ್ಲಿ ಹೊಲಿಸಿದಿರಿ ಎಂದು ಕೇಳಿದರು! ಗೋಡೆಗೆ ಅಂಟಿಸಬಾರದು, ನಾಲ್ಕು ಬೆರಳು ಬಿಟ್ಟು ಹಗ್ಗಕ್ಕೆ ತೂಗಬೇಕು, ಹಿಂದೆ ಗಾಳಿ ಇದ್ದರೆ ಹೆಚ್ಚು ನುಂಗುತ್ತದೆ. ಮಳೆಗಾಲದಲ್ಲಿ ಕಲ್ಲು ತೇವ ಆದಾಗ ವಾಸನೆಯೂ ಹಿಡಿಯುವುದಿಲ್ಲ. ಕುರಿ ಉಣ್ಣೆಯ ಕಂಬಳಿ ಇದ್ದರೆ ಅದೂ ಒಳ್ಳೆಯದು. ನೆಲಕ್ಕೆ ಜಮಖಾನ ಹಾಸಿದರೆ ಮತ್ತೂ ಒಳ್ಳೆಯದು.

ಆದರೆ ಕೌದಿಯಿಂದ ಎಲ್ಲ ಆಗುತ್ತದೆ ಎಂದರೆ ಸುಳ್ಳು. ವೂಫರಿನ ದಪ್ಪ ದನಿ ಬಟ್ಟೆಗೆ ಬಗ್ಗುವುದಿಲ್ಲ. ಅದಕ್ಕೆ ಸ್ಪೀಕರ್ ಇಡುವ ಜಾಗ ನೋಡಬೇಕು. ನಮ್ಮ ಕಡೆ ಸ್ಪೀಕರ್ ಎಂದರೆ ಗೋಡೆಯ ಮಾಡಿನಲ್ಲಿ ತುರುಕುತ್ತೇವೆ, ಇಲ್ಲವೇ ಮೂಲೆಗೆ ತಳ್ಳುತ್ತೇವೆ. ಮಾಡಿನಲ್ಲಿಟ್ಟ ಸ್ಪೀಕರ್ ಗಡಿಗೆಯಲ್ಲಿ ಮುಖ ಹಾಕಿ ಮಾತಾಡಿದಂತೆ ಕೇಳುತ್ತದೆ. ಮೂಲೆಯಲ್ಲಿಟ್ಟರೆ ಎರಡು ಗೋಡೆ, ಒಂದು ನೆಲ ಕೂಡಿ ದಪ್ಪ ದನಿಯನ್ನು ಊದಿಸುತ್ತವೆ. ಕೆಲವರಿಗೆ ಅದೇ ಖುಷಿ. ಆದರೆ ಮಾತು ಅದರಡಿ ಸಿಕ್ಕು ಸಾಯುತ್ತದೆ. ನಾವು ಎರಡು ಸ್ಪೀಕರನ್ನೂ ಮಾಡಿನಿಂದ ತೆಗೆದು, ಗೋಡೆಯಿಂದ ಒಂದೂವರೆ ಅಡಿ ಮುಂದೆ, ಕೂತವರ ಕಿವಿಯ ಎತ್ತರಕ್ಕೆ ಸ್ಟೂಲಿನ ಮೇಲೆ ಇಟ್ಟೆವು. ಅವೆರಡರ ನಡುವೆ ಎಷ್ಟು ದೂರವೋ ಆಯಿ ಕೂಡುವ ಜಾಗಕ್ಕೂ ಸುಮಾರು ಅಷ್ಟೇ ದೂರ. ಅಡಿಯಲ್ಲಿ ಹಳೆಯ ಸೈಕಲ್ ಟ್ಯೂಬಿನ ತುಂಡು. ಖರ್ಚು ಸೊನ್ನೆ.

ಆಮೇಲೆ ತಂತಿ. ಸ್ಪೀಕರ್ ಹಿಂದೆ ಕೆಂಪು, ಕಪ್ಪು ಎರಡು ಕಡ್ಡಿ ಇರುತ್ತವೆ. ಒಂದು ಸ್ಪೀಕರಿಗೆ ಸರಿ ಹಚ್ಚಿ ಇನ್ನೊಂದಕ್ಕೆ ತಿರುವುಮುರುವು ಹಚ್ಚಿದರೆ ಒಂದು ಪರದೆ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತದೆ, ದಪ್ಪ ದನಿ ಒಂದನ್ನೊಂದು ಕಡಿದು ಹಾಕುತ್ತದೆ. ಆಗ ಹಾಡು ತಗಡಿನ ಡಬ್ಬಿಯಂತೆ ಕೇಳುತ್ತದೆ. ಬಹಳ ಜನ ಇದನ್ನೇ ಬಾಸ್ ಇಲ್ಲ ಎಂದು ತಿಳಿದು ಹೊಸ ವೂಫರ್ ತರುತ್ತಾರೆ. ಬಣ್ಣ ಅಳಿಸಿದ್ದರೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ ತಗೊಂಡು ಆಂಪ್ಲಿಫೈಯರಿನಿಂದ ಬಿಡಿಸಿದ ಸ್ಪೀಕರ್ ತಂತಿಗೆ ಒಂದು ಕ್ಷಣ ಮುಟ್ಟಿಸಬೇಕು. ಕಾಗದದ ಶಂಕು ಹೊರಗೆ ಜಿಗಿದರೆ ಸೆಲ್ಲಿನ ಪ್ಲಸ್ ಮುಟ್ಟಿದ ಕಡೆಯೇ ಪ್ಲಸ್. ನಾನೇ ಮಾಡಿ ನೋಡಿದ್ದೇನೆ, ನಮ್ಮದು ಒಂದು ಉಲ್ಟಾ ಇತ್ತು! ಗೋಡೆಯ ಕರೆಂಟಿನ ಡಬ್ಬಿ ಬಿಚ್ಚುವ ಕೆಲಸ ಮಾತ್ರ ಯಾರೂ ಮಾಡಬಾರದು, ಅದು ಬಲ್ಲವರ ಕೆಲಸ.

ಓಮ್ ಬಗ್ಗೆಯೂ ಒಂದು ಮಾತು. ಆಂಪ್ಲಿಫೈಯರ್ ಹಿಂದೆ 4 ರಿಂದ 8 ಓಮ್ ಎಂದು ಬರೆದಿದ್ದರೆ ಅದು ಅಲಂಕಾರಕ್ಕಲ್ಲ. ಹೋದ ವರ್ಷ ಅಣ್ಣ 4 ಓಮಿನ ಎರಡು ಸ್ಪೀಕರನ್ನು ಒಂದೇ ಕಡ್ಡಿಗೆ ಜೋಡಿಸಿದ್ದ. ಹಾಗೆ ಪಕ್ಕಪಕ್ಕ ಜೋಡಿಸಿದರೆ 2 ಓಮ್ ಆಗುತ್ತದೆ. ಅರ್ಧ ಹಾಡಿಗೆ ಹೊಗೆ ಬಂತು. ಊದುಬತ್ತಿ ಅಂತ ಆಯಿ ತಿಳಿದಿದ್ದರು.

ಇಷ್ಟೆಲ್ಲ ಆದ ಮೇಲೂ ನಮ್ಮಲ್ಲಿ ಒಂದು ಕೊರತೆ ಉಳಿದಿತ್ತು. ಮುತ್ಯಾನ ದನಿಯ ಹಿಂದೆ ಒಂದು ಗುಂಯ್ ಅಂಟಿಕೊಂಡೇ ಇತ್ತು. ಕಾರಣ ಏನೆಂದರೆ ಅಣ್ಣ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿನಲ್ಲಿ ಹಚ್ಚಿ, ಮುಂದೆ ಮೊಬೈಲ್ ಹಿಡಿದು ತುಂಬಿಕೊಂಡಿದ್ದ. ಅದೂ ಅದೇ ಖಾಲಿ ಕಲ್ಲಿನ ಪಡಸಾಲಿಯಲ್ಲಿ! ಖೋಲಿಯ ಗುಂಯ್ ಕೂಡ ರೆಕಾರ್ಡ್ ಆಗಿತ್ತು. ಹೀಗೆ ಒಳಗೇ ಹೋದ ಗುಂಯ್ ಅನ್ನು ಲಕ್ಷ ರೂಪಾಯಿ ಸ್ಪೀಕರ್ ಸಹ ಹೊರಗೆ ತೆಗೆಯುವುದಿಲ್ಲ. ಅದಕ್ಕೆ ಕ್ಯಾಸೆಟ್ಟನ್ನು ಅರಿವೆಯಲ್ಲಿ ಸುತ್ತಿಕೊಂಡು ಸೇಡಂಗೆ ಹೋದೆವು. ಅಲ್ಲಿ ಒಬ್ಬ ಹಳೆಯ ಮೆಕ್ಯಾನಿಕ್ ಕಾಕಾ ಟೇಪಿನ ತಲೆಯನ್ನು ಅರಳಿಯಿಂದ ಒರೆಸಿ, ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ನೇರ ತಂತಿ ಹಚ್ಚಿ ತುಂಬಿಕೊಟ್ಟರು. 150 ರೂಪಾಯಿ ತಗೊಂಡರು. ನಮ್ಮ ಸೆಟ್ಟಿನ ಮೇಲೆ ಖರ್ಚಾದ ಎಲ್ಲ ರೊಕ್ಕದಲ್ಲಿ ಅತಿ ಉಪಯೋಗಕ್ಕೆ ಬಂದದ್ದು ಈ 150. ಯಾರ ಮನೆಯಲ್ಲಿ ಇಂಥ ಕ್ಯಾಸೆಟ್ ಇದ್ದರೂ ಬೇಗ ತುಂಬಿಸಿಕೊಳ್ಳಿರಿ. ಟೇಪಿಗೆ ಬೂಸು ಹಿಡಿಯುತ್ತದೆ, ಒಮ್ಮೆ ಸಿಕ್ಕಿ ಹರಿಯಿತೆಂದರೆ ಅಲ್ಲಿನ ಮಾತು ಹೋಯಿತು.

ಇನ್ನು ಎಂಟನೇ ತರಗತಿಯ ಮಿತ್ರನ ಎರಡು ಸಾವಿರಕ್ಕೆ ಬರುತ್ತೇನೆ. ಕೌದಿ, ಜಾಗ, ತಂತಿ ಎಲ್ಲ ಮಾಡಿ, ಒಂದು ತಿಂಗಳು ಕೇಳು. ಆಮೇಲೂ ಮನಸ್ಸಿಗೆ ಬಾರದಿದ್ದರೆ ಮೊದಲು ಬದಲಿಸಬೇಕಾದದ್ದು ಸ್ಪೀಕರ್. ಆಂಪ್ಲಿಫೈಯರ್ ಕಡೆಗೆ. ಹಳೆಯ ಕಟ್ಟಿಗೆ ಪೆಟ್ಟಿಗೆಯ, ಭಾರವಾದ ಜೋಡಿ ಸ್ಪೀಕರ್ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕರೆ ಕೈಯಿಂದ ಎತ್ತಿ ನೋಡು, ಬೆರಳಿನಿಂದ ಪೆಟ್ಟಿಗೆ ಬಡಿದು ನೋಡು. ಡಬ್ ಅಂದರೆ ಚಲೋ, ಟಣ್ ಅಂದರೆ ಬೇಡ. ಶಂಕುವಿನ ಅಂಚಿನ ರಬ್ಬರ್ ಹರಿದಿದೆಯೋ ನೋಡು. ಅದರ ಮೇಲೆ ಡೆಸಿಬೆಲ್ ಬರೆದಿದ್ದರೆ, ಅಂದರೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಸಪ್ಪಳ ಎಂದು, 87 ಇದ್ದದ್ದಕ್ಕಿಂತ 90 ಇದ್ದದ್ದು ತಗೋ. ಆ ಮೂರರ ವ್ಯತ್ಯಾಸ ಎಂದರೆ ನಿನ್ನ ಆಂಪ್ಲಿಫೈಯರಿನ ವ್ಯಾಟ್ ಎರಡು ಪಟ್ಟಾದಂತೆ, ಪುಕ್ಕಟೆ. ನಮ್ಮ ಅಣ್ಣ ಈಗ ಮಾತೆತ್ತಿದರೆ "ರೈಲಿಗಿ ಹೋಗಿ ಹೈದರಾಬಾದ್ ಕೋಠಿಯ ಗುಜರಾತಿ ಗಲ್ಲಿಯಾಗ ತರ್ತೀನಿ" ಅಂತಾನೆ. ಹೋಗಲಿ. ಆದರೆ ಹೋಗುವಾಗ ಆಯಿಯನ್ನೂ ಕರಕೊಂಡು ಹೋಗಬೇಕು, ಮುತ್ಯಾನ ಪದ ಹಚ್ಚಿಸಿ ಕೇಳಿ, ಆಯಿ ಹೂಂ ಅಂದರೆ ಮಾತ್ರ ತರಬೇಕು ಎಂದು ಕಾಕಾ ಹೇಳಿದ್ದಾರೆ. ಹಾಡು ಗೊತ್ತಿದ್ದವರೇ ಸ್ಪೀಕರ್ ಆರಿಸಬೇಕು ಎಂಬ ಆ ಮಾತಿಗೆ ನನ್ನದೂ ಒಪ್ಪಿಗೆ ಇದೆ. ಆ 8,000 ವ್ಯಾಟಿನ ಡಬ್ಬಿ ಈಗ ಕಟ್ಟೆಯ ಮೇಲೆ ಕೂತಿದೆ. ಅದರ ಮೇಲೆ ಕೋಳಿ ಕೂಡುತ್ತದೆ.

ಹೋದ ಸೋಮವಾರ ಸಂಜೆ ಹೊಸದಾಗಿ ತುಂಬಿದ ಪದವನ್ನು ಹಳೆಯ ಸೆಟ್ಟಿನಲ್ಲಿ ಹಚ್ಚಿದೆವು. ನಾಲ್ಕು ಕೌದಿ ಗೋಡೆಗುಂಟ ಇದ್ದವು, ಬಾಗಿಲು ತೆರೆದಿತ್ತು, ಸೌಂಡ್ ಅರ್ಧಕ್ಕಿಂತ ಕಡಿಮೆ ಇತ್ತು. ಮುತ್ಯಾ ಎರಡನೇ ಪದ ಎತ್ತಿಕೊಳ್ಳುವ ಮುಂಚೆ ಒಮ್ಮೆ ಕೆಮ್ಮಿದರು. ನಾವು ಅದನ್ನು ಎಂದೂ ಕೇಳಿರಲಿಲ್ಲ. ಆಮೇಲೆ ಏಕತಾರಿಯ ಹಿಂದೆ, ಬಲು ದೂರದಲ್ಲಿ, ಒಬ್ಬ ಹೆಣ್ಣುಮಗಳ ದನಿ "ಹಾಲು ಉಕ್ಕಲತ್ತದ ನೋಡ್ರೇ" ಅಂತು. ಆಯಿ ಮೊದಲು ಅಡಿಗೆಮನೆ ಕಡೆ ತಿರುಗಿ ನೋಡಿದರು. ಒಲೆ ಮೇಲೆ ಹಾಲು ಇರಲಿಲ್ಲ. ಮತ್ತೆ ಸ್ಪೀಕರ್ ಕಡೆ ತಿರುಗಿ, "ಅದು ನಾನೇ ಅಲ್ಲೇನು" ಅಂದರು. ಅಣ್ಣ ಹಿಂದಕ್ಕೆ ತಿರುಗಿಸಿ ಅದೊಂದನ್ನೇ ಮೂರು ಸಲ ಹಚ್ಚಿದ.

ಎಂಟನೇ ತರಗತಿಯ ಮಿತ್ರಾ, ರವಿವಾರ ನಿನ್ನ ಸೆಟ್ ತಗೊಂಡು ನಮ್ಮ ಮನೆಗೆ ಬಾ. ಮೊದಲು ಕೌದಿ ತೆಗೆದು ಹಚ್ಚೋಣ, ಆಮೇಲೆ ಕೌದಿ ಕಟ್ಟಿ ಹಚ್ಚೋಣ. ನೀನೇ ಕೇಳು. ಸೆಲ್ ನಾನು ಕೊಡುತ್ತೇನೆ. ನಿನ್ನ ಮನೆಗೆ ಕಟ್ಟಲು ಕೌದಿ ಮಾತ್ರ ನೀನೇ ಹುಡುಕಿಕೋ. ನಮ್ಮವನ್ನು ಆಯಿ ಕೊಡುವುದಿಲ್ಲ.

— ಏಳನೇ ತರಗತಿಯ ವಿದ್ಯಾರ್ಥಿನಿ